ಕೆಂಪು ಆನೆಯ ಊರಿನಲ್ಲಿ ಒಂದು ಮಂಚ

ಕಳೆದ ವಾರ ಕಪಾಟು ಖಾಲಿ ಮಾಡುವಾಗ ತಳದಲ್ಲಿ ಒಂದು ಪರದೆ ಸಿಕ್ಕಿತು. ಪರದೆ ಎಂದಕೂಡಲೇ ಕಿಟಕಿಯದ್ದೋ ಬಾಗಿಲಿನದ್ದೋ ಎಂದುಕೊಳ್ಳಬೇಡಿ. ಇದು ಮಂಚದ ಪರದೆ. ನೀಲಿ ಬಟ್ಟೆಯ ಮೇಲೆ ದೊಡ್ಡ ದೊಡ್ಡ ಹಳದಿ ಹೂವುಗಳು. ಯಾವ ಗಿಡದ ಹೂವೆಂದು ಅದನ್ನು ಮಾರಿದವನಿಗೂ ಗೊತ್ತಿರಲಿಲ್ಲ. ದುಬೈಯ ನೈಫ್‌ನ ಒಂದು ಗಲ್ಲಿಯಲ್ಲಿ ಚೌಕಾಸಿ ಮಾಡಿ ತಂದದ್ದು. ತುದಿಗೆ ಕಟ್ಟಿದ್ದ ನೈಲಾನ್ ಹಗ್ಗ ಕೂಡ ಹಾಗೆಯೇ ಇದೆ. ಬಿಸಾಡೋಣ ಎಂದು ಪಕ್ಕಕ್ಕಿಟ್ಟೆ. ಮತ್ತೆ ಎತ್ತಿಕೊಂಡು ಮೂಸಿ ನೋಡಿದೆ. ಆಮೇಲೆ ಕಪಾಟು ಖಾಲಿ ಮಾಡುವ ಕೆಲಸ ಅಲ್ಲಿಗೇ ನಿಂತಿತು.

ಬೆಡ್‌ಸ್ಪೇಸ್ ಎಂಬ ಮಾತನ್ನು ಕೇಳದ ಪುಣ್ಯವಂತರೂ ಇರುತ್ತಾರಲ್ಲ, ಅವರಿಗಾಗಿ ಹೇಳುತ್ತೇನೆ. ಅಬುಧಾಬಿಯ ಆಚೆ ಬನಿಯಾಸ್‌ನಲ್ಲಿ ಒಂದು ಹಳೆಯ ವಿಲ್ಲಾದ ಮಹಡಿಯ ಕೋಣೆಯಲ್ಲಿ ನಾವು ಆರು ಮಂದಿ ಹೆಂಗಸರಿದ್ದೆವು. ಬಾಡಿಗೆ ಕೊಡುವುದು ಕೋಣೆಗಲ್ಲ, ಮಂಚಕ್ಕೆ. ನಮ್ಮ ಮನೆ ಎಷ್ಟು ದೊಡ್ಡದು ಎಂದು ಯಾರಾದರೂ ಕೇಳಿದರೆ, ಕಾಲು ಚಾಚಿದಷ್ಟು ಎನ್ನಬಹುದಿತ್ತು. ಒಂದರ ಮೇಲೊಂದು ಮಂಚ. ಕೆಳಗಿನ ಮಂಚ ಸಿಕ್ಕವಳು ಭಾಗ್ಯವಂತೆ, ಏಕೆಂದರೆ ಮೇಲಿನ ಮಂಚದ ಕಂಬಿಗೆ ಹಗ್ಗ ಬಿಗಿದು ಪರದೆ ಕಟ್ಟಬಹುದು. ಪರದೆಯ ಒಳಗೆ ನನ್ನ ಸಂಸಾರವೆಲ್ಲ ಇತ್ತು: ವೇಲಾಂಕಣಿ ಮಾತೆಯ ಚಿತ್ರ, ಮೊಬೈಲ್ ಚಾರ್ಜರ್, ಮಾವಿನ ಮಿಡಿ ಉಪ್ಪಿನಕಾಯಿಯ ಬಾಟಲಿ. ಪರದೆ ಎಳೆದರೆ ನಾನು ಮನೆಯಲ್ಲಿಲ್ಲ ಎಂದು ಅರ್ಥ. ಮೇಲಿನ ಮಂಚದ ಗ್ರೆಟ್ಟಾ, ಶಿರ್ವದವಳು, ಅದನ್ನೇ ಬಾಗಿಲೆಂದು ತಿಳಿದು ಹೊರಗೆ ನಿಂತು ಬಾಯಲ್ಲೇ ‘ಟಕ್ ಟಕ್’ ಎನ್ನುತ್ತಿದ್ದಳು. ನಾನು ‘ಯಾರು?’ ಎನ್ನುತ್ತಿದ್ದೆ. ಇಬ್ಬರಿಗೂ ಮನೆಯಿದ್ದಂತೆ ಆಗುತ್ತಿತ್ತು.

ಈ ಪರದೆಯನ್ನು ಕಟ್ಟಿಕೊಂಡು ನಾನು ಆಫ್ರಿಕಾದ ಕಾಡಿನವರೆಗೂ ಹೋಗಿಬಂದಿದ್ದೇನೆ ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೂ ಚಿಂತೆಯಿಲ್ಲ. ಆಗಲೂ ಯಾರೂ ನಂಬಿರಲಿಲ್ಲ.

ನಮ್ಮ ಕಿನ್ನಿಗೋಳಿ ಕಡೆಯವರು ಗಲ್ಫಿಗೆ ಹೋಗುವ ಮುಂಚೆ ಆಫ್ರಿಕಾಕ್ಕೆ ಹೋಗುತ್ತಿದ್ದರು. ಪಕ್ಕದ ಮನೆಯ ಪೆದ್ರು ಮಾಮ ನೈರೋಬಿಯಲ್ಲಿ ಟೈಲರ್ ಆಗಿದ್ದವರು. ಅಲ್ಲಿಂದ ಬರುವಾಗ ಅವರು ತಂದ ಆಸ್ತಿಯಲ್ಲಿ ನನಗೆ ಕಂಡದ್ದು ಎರಡೇ. ಒಂದು ಹೊಲಿಗೆ ಯಂತ್ರ, ಇನ್ನೊಂದು ಗೋಡೆಯ ಕ್ಯಾಲೆಂಡರ್. ಅದರ ವರ್ಷ ಮುಗಿದು ಎಷ್ಟೋ ಕಾಲವಾಗಿದ್ದರೂ ಅವರು ಅದನ್ನು ತೆಗೆದಿರಲಿಲ್ಲ, ಚಿತ್ರ ಚೆನ್ನಾಗಿದೆ ಎಂದು. ಚಿತ್ರದಲ್ಲಿ ಆನೆಗಳ ಹಿಂಡು. ಆ ಆನೆಗಳೆಲ್ಲ ಕೆಂಪು! ನಮ್ಮ ಹಂಚಿನ ಕಾರ್ಖಾನೆಯಿಂದ ಈಗಷ್ಟೇ ಸುಟ್ಟು ತೆಗೆದ ಹಂಚಿನ ಹಾಗೆ. ನಾನು ಹೊಲಿಯಲು ಬಟ್ಟೆ ಕೊಡುವ ನೆಪದಲ್ಲಿ ಹೋಗಿ ಅದನ್ನೇ ನೋಡುತ್ತಾ ನಿಲ್ಲುತ್ತಿದ್ದೆ.

ಶಾಲೆಯಲ್ಲಿ ಡ್ರಾಯಿಂಗ್ ಮಾಸ್ಟ್ರು ಆನೆ ಬಿಡಿಸಲು ಹೇಳಿದಾಗ ನಾನು ಕೆಂಪು ಆನೆ ಬಿಡಿಸಿದೆ. ಮಾಸ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ, ಚಿತ್ರವನ್ನು ಎತ್ತಿ ಹಿಡಿಯಲು ಹೇಳಿ ತರಗತಿಗೆಲ್ಲ ತೋರಿಸಿದರು.

“ಎಲ್ಲಿ ಉಂಟು ಮಾರಾಯ್ತಿ ಕೆಂಪು ಆನೆ?”

“ಪೆದ್ರು ಮಾಮನ ಮನೆಯಲ್ಲಿ ಸಾರ್.”

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಕಪ್ಪು ಬಣ್ಣ ಹಚ್ಚಿದರೆ ಕೆಳಗಿಳಿಯಬಹುದು ಎಂದರು. ನಾನು ಹಚ್ಚಲಿಲ್ಲ. ಗಂಟೆ ಹೊಡೆಯುವವರೆಗೆ ಬೆಂಚಿನ ಮೇಲೆಯೇ ನಿಂತೆ. ಈಗ ನೆನೆದರೆ, ನನ್ನ ಜೀವನದಲ್ಲಿ ನಾನು ಅಷ್ಟು ಗಟ್ಟಿಯಾಗಿ ನಿಂತದ್ದು ಅದೇ ಮೊದಲು. ಆಮೇಲೆ ಬಹಳ ವರ್ಷ ನಿಲ್ಲಲೇ ಇಲ್ಲ. ಎಲ್ಲರೂ ಕೂರು ಎಂದಲ್ಲಿ ಕೂತೆ.

ಕೂತದ್ದು ಅಬುಧಾಬಿಯ ಒಂದು ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಕೌಂಟರಿನಲ್ಲಿ. ನಾಡಿಗೆಲ್ಲ ದಿನ ಹಂಚುವ ಕೆಲಸ ನನ್ನದು. ನನ್ನ ಪಾಲಿನ ದಿನಗಳನ್ನು ಮಾತ್ರ ಊರಿನಲ್ಲಿ ಅಣ್ಣ ವಿಕ್ಟರ್ ಹಂಚುತ್ತಿದ್ದ. ಎರಡು ವರ್ಷಕ್ಕೊಮ್ಮೆ ಸಿಗುವ ರಜೆ ನನಗಿಂತ ಮುಂಚೆಯೇ ಊರು ತಲುಪಿ, ಅಲ್ಲಿ ಯಾರ್ಯಾರ ನಡುವೆಯೋ ಪಾಲಾಗಿರುತ್ತಿತ್ತು. ಅದರಲ್ಲಿ ದೊಡ್ಡ ಪಾಲು ನನ್ನನ್ನು ನೋಡಲು ಬರುವವರದ್ದು. ಅಪ್ಪ ಅಮ್ಮ ತೀರಿಹೋದ ಮೇಲೆ ತಂಗಿಯನ್ನು ದಡ ಸೇರಿಸುವುದು ತನ್ನ ಹೊಣೆ ಎಂದು ಅಣ್ಣ ಪಟ್ಟು ಹಿಡಿದಿದ್ದ. ಅವನು ಕೆಟ್ಟವನಲ್ಲ. ನಾನು ಆಗಲೇ ದಡದಲ್ಲಿದ್ದೇನೆ, ನನ್ನ ಸಂಬಳ ನಾನೇ ದುಡಿಯುತ್ತಿದ್ದೇನೆ ಎಂಬುದು ಮಾತ್ರ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ.

ಪ್ರತಿ ರಜೆಯಲ್ಲೂ ಚಹಾದ ಟ್ರೇ ಹಿಡಿದು ಮನೆಯ ಹಾಲ್‌ಗೆ ಬರುವುದು, ಕೂರುವುದು. ನರ್ಸೋ ಎಂದು ಕೇಳುತ್ತಿದ್ದರು. ಅಲ್ಲ, ಕೌಂಟರ್ ಎಂದರೆ ಚಹಾ ತಣ್ಣಗಾದಂತೆ ಮುಖ ಮಾಡುತ್ತಿದ್ದರು. ಒಬ್ಬರು ನನಗಿಂತ ನನ್ನ ವೀಸಾದ ಬಗ್ಗೆ ಹೆಚ್ಚು ವಿಚಾರಿಸಿದರು. ಇನ್ನೊಂದು ಮನೆಯವರು ಹುಡುಗಿ ನಗುವುದು ಜಾಸ್ತಿ ಎಂದು ಬೇಡವೆಂದರು. ಮುಂದಿನ ಸಲ ನಾನು ಜಾಗ್ರತೆಯಿಂದ ತುಟಿ ಬಿಗಿದು ಕೂತೆ. ಅವರು ಹುಡುಗಿ ನಗುವುದೇ ಇಲ್ಲ ಎಂದು ಬೇಡವೆಂದರು. ಗ್ರೆಟ್ಟಾಳ ಮುಂದೆ ಈ ಕತೆಗಳನ್ನು ಹೇಳಿ ಹೊಟ್ಟೆ ಹಿಡಿದು ನಗುತ್ತಿದ್ದೆವು. ಆದರೆ ಅವಳು ಮೇಲಿನ ಮಂಚಕ್ಕೆ ಹತ್ತಿ, ನಾನು ಪರದೆ ಎಳೆದುಕೊಂಡ ಮೇಲೆ ನಗು ಇರುತ್ತಿರಲಿಲ್ಲ. ಒಳಗೊಳಗೇ ಮೈ ಉರಿಯುತ್ತಿತ್ತು.

2017ರ ಸುಮಾರಿಗೆ ಒಂದು ದಿನ ಕೌಂಟರಿನ ಮುಂದೆ ಒಬ್ಬ ಕೀನ್ಯಾದ ಹೆಂಗಸು ಬಂದು ನಿಂತರು. ಕಾರ್ಡ್ ಹುಡುಕಲು ಚೀಲದಿಂದ ಮೊಬೈಲನ್ನು ತೆಗೆದು ಕೌಂಟರಿನ ಮೇಲಿಟ್ಟರು. ಮೊಬೈಲಿನ ಪರದೆಯ ಮೇಲೆ ಕೆಂಪು ಆನೆ! ನಾನು ಅವರ ಹೆಸರು ಕೇಳುವುದನ್ನು ಬಿಟ್ಟು ಆನೆಯ ಊರು ಕೇಳಿದೆ. ಅವರು ನಗುತ್ತಾ, ಅದು ನಮ್ಮ ವೋಯ್ ಎಂಬ ಊರು, ಅಲ್ಲೇ ದೊಡ್ಡ ವನ್ಯಧಾಮದ ಗೇಟಿದೆ, ನಮ್ಮ ಮಣ್ಣು ಕೆಂಪು, ಆನೆಗಳು ಅದರಲ್ಲೇ ಹೊರಳಾಡಿ ಮೈಗೆಲ್ಲ ಎರಚಿಕೊಳ್ಳುತ್ತವೆ, ಹಾಗಾಗಿ ಕೆಂಪು ಎಂದರು. ಅಷ್ಟೇ ಸಂಗತಿ. ಆದರೆ ನನಗೆ ಬೆಂಚಿನಿಂದ ಇಳಿದಂತೆ ಆಯಿತು. ಅವರಿಗೆ ನಾಳೆಯೇ ಬರಬಹುದಾದ ದಿನ ಕೊಟ್ಟೆ. ನನಗೂ ಒಂದು ದಿನ ಕೊಟ್ಟುಕೊಂಡೆ. ಈ ಸಲದ ರಜೆ ನನ್ನದು, ವೋಯ್‌ಗೆ ಹೋಗುವವಳು ನಾನು. ಇಷ್ಟು ವರ್ಷ ನನ್ನನ್ನು ನೋಡಲು ಬಂದರು, ಇನ್ನು ನಾನೇ ನೋಡಲು ಹೋಗುತ್ತೇನೆ.

ಟಿಕೆಟ್ ಹೇಗಾದರೂ ಆಗುತ್ತಿತ್ತು. ಉಳಿದುಕೊಳ್ಳುವುದೆಲ್ಲಿ ಎಂಬುದೇ ಸಮಸ್ಯೆ. ಪರದೆಯೊಳಗೆ ಮಲಗಿ ಮೊಬೈಲಿನಲ್ಲಿ ಹುಡುಕಿದರೆ ಒಂದೊಂದು ಲಾಡ್ಜಿನ ಚಿತ್ರವೂ ಅರಮನೆಯೇ. ಬಯಲಿನಲ್ಲಿ ಬಿಳಿಯ ಸ್ನಾನದ ತೊಟ್ಟಿ, ಅದರಲ್ಲಿ ನೊರೆ, ನೊರೆಯಲ್ಲಿ ಒಬ್ಬ ಹೆಂಗಸು, ಎದುರಿಗೆ ಜಿರಾಫೆ. ಬಚ್ಚಲಿನ ಸರದಿಗಾಗಿ ಅಲಾರಾಂ ಇಟ್ಟು ಏಳುವ ನಮಗೆ ಇದು ಬೇಕೇ? ಬಾಡಿಗೆ ನೋಡಿದ ಗ್ರೆಟ್ಟಾ, “ಲಿಲ್ಲಿ, ಇದು ಒಂದು ದಿನದ್ದಾ, ಒಂದು ವರ್ಷದ್ದಾ?” ಎಂದಳು. ಆಮೇಲೆ ಅವಳೇ, ನೈಫ್‌ನಲ್ಲಿ ಒಬ್ಬ ಟ್ರಾವೆಲ್ ಏಜೆಂಟ್ ಇದ್ದಾನೆ, ಕಾಸರಗೋಡಿನವನು, ಕನ್ನಡ ಬರುತ್ತದೆ ಎಂದು ಒಂದು ಶುಕ್ರವಾರ ನನ್ನನ್ನು ದುಬೈ ಬಸ್ಸು ಹತ್ತಿಸಿದಳು.

ಏಜೆಂಟ್ ಒಳ್ಳೆಯ ಚಹಾ ತರಿಸಿದ. ಕೂರಿಸಿದ.

“ಯಜಮಾನ್ರು?”

“ಇಲ್ಲ.”

“ಆಮೇಲೆ ಬರ್ತಾರಾ?”

“ಹುಟ್ಟಿದ್ದಾರಾ ಅಂತಲೇ ಗೊತ್ತಿಲ್ಲ.”

ಗ್ರೆಟ್ಟಾ ಚಹಾ ಉಗುಳುವುದೊಂದು ಬಾಕಿ. ಅವನು ನಗಲಿಲ್ಲ, ಕ್ಯಾಲ್ಕುಲೇಟರ್ ಎಳೆದುಕೊಂಡ. “ಹಾಗಾದ್ರೆ ಸಿಂಗಲ್ ಸಪ್ಲಿಮೆಂಟ್ ಬೀಳ್ತದೆ ಮೇಡಮ್.”

ಅದೇನೆಂದು ಅವನು ವಿವರಿಸಿದಾಗ ಮೊದಲು ನನಗೆ ಅರ್ಥವಾಗಲಿಲ್ಲ. ಲಾಡ್ಜಿನ ರೇಟೆಲ್ಲ ಇಬ್ಬರು ಸೇರಿ ಬರುತ್ತಾರೆಂದು ಲೆಕ್ಕ ಹಾಕಿದ್ದಂತೆ. ಒಬ್ಬಳೇ ಬಂದರೆ ಬಾರದವನ ಪಾಲನ್ನೂ ಅವಳೇ ಕೊಡಬೇಕಂತೆ.

“ಖಾಲಿ ಇರುವ ಮಂಚಕ್ಕೆ ನಾನು ಯಾಕೆ ಬಾಡಿಗೆ ಕೊಡ್ಬೇಕು? ಅದರಲ್ಲಿ ಬೇರೆ ಯಾವ ಹೆಂಗಸನ್ನಾದ್ರೂ ಮಲಗಿಸಿ. ನಂಗೆ ಅಭ್ಯಾಸ ಉಂಟು.”

“ಲಾಡ್ಜಲ್ಲಿ ಬೆಡ್‌ಸ್ಪೇಸ್ ಮಾಫಿ, ಇಲ್ಲ ಮೇಡಮ್. ಒಂದು ಮಾತು ಹೇಳ್ತೇನೆ. ಮದುವೆ ಆದ್ಮೇಲೆ ಹೋಗಿ. ಹನಿಮೂನ್ ಪ್ಯಾಕೇಜಿಗೆ ಕೇಕ್ ಫ್ರೀ.”

ನಾನು ಎದ್ದೆ. ಮದುವೆಯಾಗದ್ದಕ್ಕೆ ಊರಿನವರು ಮಾತಿನಲ್ಲಿ ದಂಡ ವಸೂಲಿ ಮಾಡುತ್ತಿದ್ದರು. ಆಫ್ರಿಕಾದ ಕಾಡಿನಲ್ಲಿಯೂ ಅದನ್ನೇ ದುಡ್ಡಿನ ರೂಪದಲ್ಲಿ ಕೇಳುತ್ತಾರೆಂದರೆ! ಹೊರಗೆ ಬಂದು ಆ ಬಿಸಿಲಿನಲ್ಲಿ, ಕಂಬಳಿ ಮಾರುವವರ ನಡುವೆ ನಿಂತು, ಕೇಕ್ ಅವನೇ ತಿನ್ನಲಿ ಎಂದು ಜೋರಾಗಿ ಹೇಳಿದೆ. ಗ್ರೆಟ್ಟಾ ನನ್ನ ಕೈ ಹಿಡಿದು “ಯಲ್ಲಾ, ಯಲ್ಲಾ” ಎಂದು ಎಳೆದುಕೊಂಡು ಹೋದಳು. ಆ ದಿನ ಏನಾದರೊಂದು ತರಲೇಬೇಕೆಂಬ ಹಟಕ್ಕೆ ಬಿದ್ದು, ಅದುವರೆಗೆ ಕಟ್ಟಿದ್ದ ಹಳೆಯ ಪರದೆಯ ಬದಲಿಗೆ ತಂದದ್ದೇ ಈ ಹಳದಿ ಹೂವಿನ ಪರದೆ.

ಇಷ್ಟಾದ ಮೇಲೆ ನಾನು ಮಾಡಿದ ಕೆಲಸವನ್ನು ನಮ್ಮವರಲ್ಲದೆ ಬೇರೆ ಯಾರೂ ಮಾಡಲಿಕ್ಕಿಲ್ಲ. ಮುಂದಿನ ಶುಕ್ರವಾರ, ಅಲ್ಲಿಯ ವಾರದ ರಜೆಯಂದು, ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿಂತು, ಕೀನ್ಯಾದಲ್ಲಿ ನಮ್ಮ ಕಡೆಯ ಸಿಸ್ಟರ್ ಯಾರಾದರೂ ಇದ್ದಾರಾ ಎಂದು ಕೇಳಿದೆ. ನಗಬೇಡಿ. ಭೂಪಟದ ಯಾವ ಮೂಲೆಗೆ ಬೆರಳಿಟ್ಟರೂ ಅಲ್ಲೊಂದು ಕಾನ್ವೆಂಟ್, ಕಾನ್ವೆಂಟಿನಲ್ಲಿ ಮಂಗಳೂರು ಕಡೆಯ ಒಬ್ಬ ಸಿಸ್ಟರ್ ಇದ್ದೇ ಇರುತ್ತಾರೆ. ಫಿಲೊಮಿನಾ ಆಂಟಿ, ಗ್ರೆಟ್ಟಾಳ ಜ್ಞಾನಸ್ನಾನದ ತಾಯಿ, ಒಂದು ಕ್ಷಣವೂ ಯೋಚಿಸದೆ, “ನಮ್ಮ ಬಜ್ಪೆಯ ಅಪೊಲಿನ್ ಇಲ್ವಾ? ಆನೆ ಇರುವ ಊರಲ್ಲೇ ಇರುದು. ಅವಳ ತೋಟ ಆನೆ ತಿಂದಿತ್ತು ಅಂತ ಪತ್ರ ಬಂದಿತ್ತು,” ಎಂದರು.

ಒಂದು ವಾರದೊಳಗೆ ಸಿಸ್ಟರ್ ಅಪೊಲಿನ್ ಅವರಿಂದ ಸಂದೇಶ ಬಂತು. ಕಾನ್ವೆಂಟಿನಲ್ಲಿ ಧ್ಯಾನಕೂಟಕ್ಕೆ ಬರುವವರಿಗೆಂದು ಇಟ್ಟ ಕೋಣೆ ಖಾಲಿ ಇದೆ, ವನ್ಯಧಾಮದ ಬೇಲಿಯ ಬದಿಯಲ್ಲೇ ಇದೆ, ಎಷ್ಟು ದಿನ ಬೇಕಾದರೂ ಇರು. ಬಾಡಿಗೆ ಎಷ್ಟು ಎಂದು ಕೇಳಿದೆ. ಒಳ್ಳೆಯ ಬಾಫತ್ ಪುಡಿ ತಾ, ಉಳಿದದ್ದು ನಿನಗೆ ತೋಚಿದಷ್ಟು ಕಾಣಿಕೆ ಡಬ್ಬಿಗೆ ಹಾಕು ಎಂದರು. ಬಾಫತ್ ನಮ್ಮ ಕಡೆಯ ಮಾಂಸದ ಸಾರಿನ ಮಸಾಲೆ. ಅದು ನನ್ನ ಬಳಿ ಬೇಕಾದಷ್ಟಿತ್ತು. ಜಗತ್ತಿನ ಅಷ್ಟೂ ಏಜೆಂಟರ ಕ್ಯಾಲ್ಕುಲೇಟರುಗಳನ್ನು ಗೆದ್ದೆನೆಂದು ಬೀಗಿದೆ. ಆದರೆ ನಮ್ಮವರನ್ನು ಕೇಳಿ ಕೋಣೆ ಹಿಡಿದರೆ ಕೋಣೆಯ ಜೊತೆಗೆ ನಮ್ಮವರೂ ಬರುತ್ತಾರೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅಣ್ಣನಿಗೆ ಫೋನ್ ಮಾಡಿ ಹೇಳಿದೆ.

“ತಲೆ ಸರಿ ಉಂಟಾ ನಿಂಗೆ? ಆನೆ ನೋಡ್ಲಿಕ್ಕೆ ಆಫ್ರಿಕಾ ಯಾಕೆ? ಇಲ್ಲಿ ಬಾ, ಸಕ್ರೆಬೈಲಿಗೆ ನಾನೇ ಕರ್ಕೊಂಡು ಹೋಗ್ತೇನೆ.”

“ಅಲ್ಲಿಯ ಆನೆ ಕೆಂಪಿಲ್ಲ.”

“ಎಂತ ಕೆಂಪು, ಎಂತ ಕಪ್ಪು! ಮಸ್ಕತ್ತಿಂದ ಬಂದವರಿಗೆ ಮಾತು ಕೊಟ್ಟಾಗಿದೆ ಲಿಲ್ಲಿ. ಪಾಪದ ಮನುಷ್ಯ. ಹೆಂಡತಿ ತೀರಿ ಹೋಗಿದ್ದಾರೆ, ಬೇಕರಿ ಉಂಟು, ಕುಡಿಯುದಿಲ್ಲ. ನಿನ್ನ ಪ್ರಾಯಕ್ಕೆ ಇನ್ನು ಇಂಥವರು ಸಿಗುದಿಲ್ಲ. ಇದು ಕಡೇದು ನೋಡು.”

“ಕಡೇದು ಅಂತಾದ್ರೆ ಒಳ್ಳೇದೇ ಆಯ್ತು.”

ಅವನು ಫೋನ್ ಕುಕ್ಕಿದ. ಅಣ್ಣನಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಈ ರಜೆಯನ್ನು ಬಿಟ್ಟುಕೊಟ್ಟರೆ ಮುಂದಿನ ರಜೆಗಳೂ ಅವನವೇ ಆಗುತ್ತವೆ, ನಾನು ಟ್ರೇ ಹಿಡಿದೇ ಮುದುಕಿಯಾಗುತ್ತೇನೆ ಎಂದು ನನಗೆ ಖಚಿತವಿತ್ತು. ಪರದೆಯನ್ನು ಬಿಚ್ಚಿ, ಮಡಚಿ, ಬಾಫತ್ ಪುಡಿಯ ಪೊಟ್ಟಣಗಳ ಜೊತೆ ಬ್ಯಾಗಿಗೆ ತುಂಬಿದೆ.

ನೈರೋಬಿಯಿಂದ ವೋಯ್‌ಗೆ ಆಗಷ್ಟೇ ಶುರುವಾಗಿದ್ದ ಹೊಸ ರೈಲು. ನಿಲ್ದಾಣದಲ್ಲಿ ಸಿಸ್ಟರ್ ಅಪೊಲಿನ್ ನಿಂತಿದ್ದರು. ಚಿಕ್ಕ ದೇಹ, ದೊಡ್ಡ ಕೊಡೆ. ಅವರ ಕೊಂಕಣಿ ನನ್ನ ಅಜ್ಜಿಯ ಕಾಲದ್ದು. ಊರು ಬಿಟ್ಟ ದಿನ ಹೇಗಿತ್ತೋ ಹಾಗೆಯೇ ಉಪ್ಪಿನಲ್ಲಿಟ್ಟಂತೆ ಉಳಿದಿತ್ತು. “ಬಾಯೆ, ಪುಡಿ ತಂದೆಯಾ?” ಎಂಬುದೇ ಅವರ ಮೊದಲ ಮಾತು.

ಕೋಣೆಯಲ್ಲಿ ಎರಡು ಮಂಚ, ಎರಡು ಸೊಳ್ಳೆಪರದೆ, ಒಂದು ಶಿಲುಬೆ, ಒಂದು ಬಕೆಟ್. ಬೇರೆ ಯಾರೂ ಇಲ್ಲ. ನಾನು ಏನು ಮಾಡಿದೆ ಗೊತ್ತೇ? ಮೂಲೆಯ ಮಂಚ ಹಿಡಿದು, ಸಾಮಾನೆಲ್ಲ ಅದರ ಅಡಿಗೆ ತಳ್ಳಿ, ಸೊಳ್ಳೆಪರದೆಯ ಹೊರಗೆ ನನ್ನ ಹಳದಿ ಹೂವಿನ ಪರದೆಯನ್ನೂ ಕಟ್ಟಿದೆ. ಅಡುಗೆಮನೆಯ ಫ್ರಿಜ್ಜಿನಲ್ಲಿ ನನ್ನ ಉಪ್ಪಿನಕಾಯಿ ಬಾಟಲಿ ಇಡುವಾಗ ಅದಕ್ಕೆ ಹೆಸರಿನ ಚೀಟಿ ಅಂಟಿಸಿದೆ. ಬೆಳಗಾಗುವ ಮುಂಚೆ ಎದ್ದು, ಟವೆಲ್ ಹೆಗಲಿಗೆ ಹಾಕಿ ಬಚ್ಚಲಿಗೆ ಓಡಿದೆ. ಸಿಸ್ಟರ್ ಅಂಗಳದಲ್ಲಿ ಜಪಮಾಲೆ ಹಿಡಿದು ನಡೆಯುತ್ತಿದ್ದವರು ನಿಂತು, “ಯಾರು ಅಟ್ಟಿಸಿಕೊಂಡು ಬರ್ತಾರೆ ಬಾಯೆ? ಅದು ನಿನ್ನೊಬ್ಬಳದ್ದೇ ಬಚ್ಚಲು,” ಎಂದರು. ನಾನು ಬಚ್ಚಲಿನೊಳಗೆ ಹೋಗಿ ಸುಮ್ಮನೆ ನಿಂತೆ. ಹೊರಗಿನಿಂದ ಯಾರೂ ಬಾಗಿಲು ಬಡಿಯಲಿಲ್ಲ. ಅಂದು ಮಧ್ಯಾಹ್ನ ಎರಡನೇ ಮಂಚದ ಮೇಲೂ ಮಲಗಿದೆ, ಯಾವ ಸಪ್ಲಿಮೆಂಟೂ ಇಲ್ಲದೆ.

ಶನಿವಾರ ಕಾನ್ವೆಂಟ್ ಶಾಲೆಯ ಟೀಚರುಗಳು ಶಾಲೆಯ ವ್ಯಾನಿನಲ್ಲಿ ವನ್ಯಧಾಮಕ್ಕೆ ಹೊರಟಿದ್ದರು. ನನ್ನನ್ನೂ ತುರುಕಿಕೊಂಡರು. ಕಿಟಕಿಗಳೆಲ್ಲ ತೆರೆದಿದ್ದವು, ಧೂಳು ಒಳಗೇ ಬಂದು ಕೂತಿತ್ತು. ಹೊತ್ತು ಏರುವಾಗ ಒಂದು ತಿರುವಿನಲ್ಲಿ ವ್ಯಾನ್ ನಿಂತಿತು. ಆನೆಗಳು. ಕೆಂಪು. ಕಿವಿ ಕೆಂಪು, ಸೊಂಡಿಲು ಕೆಂಪು, ಮರಿಯ ಬೆನ್ನಂತೂ ಈಗ ಹಚ್ಚಿದಂತೆ ಕೆಂಪು. ನಾನು ಅತ್ತೆ. ಪಕ್ಕದಲ್ಲಿದ್ದ ಟೀಚರ್ ಹೆದರಿದೆನೆಂದು ತಿಳಿದು ನನ್ನ ಭುಜ ಸವರಿದರು. ಹೆದರಿಕೆಯಲ್ಲ, ಸಂತೋಷ ಎಂದು ಅವರಿಗೆ ಹೇಳಲು ನನಗೆ ಇಂಗ್ಲಿಷ್ ಬರಲಿಲ್ಲ ಆ ಹೊತ್ತಿಗೆ. ಹಿಂಡಿನ ದೊಡ್ಡ ಹೆಣ್ಣಾನೆ ನಮ್ಮನ್ನು ಸ್ವಲ್ಪ ಹೊತ್ತು ನೋಡಿತು. ಆಮೇಲೆ ನೋಡಿದ್ದು ಸಾಕೆನಿಸಿ ಬೆನ್ನು ತಿರುಗಿಸಿ ಹೊರಟುಹೋಯಿತು. ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ.

ಸಂಜೆ ಕಾನ್ವೆಂಟಿನ ಜಗಲಿಯಲ್ಲಿ ಚಪ್ಪಲಿ ಕಳಚುತ್ತಿದ್ದೆ. ಸಿಸ್ಟರ್ ತಮ್ಮ ಟ್ಯಾಬ್ ಹಿಡಿದು ಒಳಗಿನಿಂದ ಬಂದರು. “ಬಾಯೆ, ನಿನ್ನ ಅಣ್ಣ ವಿಡಿಯೋದಲ್ಲಿದ್ದಾನೆ. ಜೊತೆಗೆ ಯಾರೋ ಬಂದಿದ್ದಾರಂತೆ. ಎರಡು ಮಾತಾಡು.”

ಅಬುಧಾಬಿಯಲ್ಲಿ ಸರಕಾರದ ನಿರ್ಬಂಧದಿಂದ ವಿಡಿಯೋ ಕಾಲ್ ನಡೆಯುತ್ತಿರಲಿಲ್ಲ. ಉಳಿದವರು ಅದಕ್ಕೆ ಶಪಿಸುತ್ತಿದ್ದರು, ನನಗೆ ಅದು ವರವಾಗಿತ್ತು. ಕೀನ್ಯಾದಲ್ಲಿ ನಡೆಯುತ್ತದೆ ಎಂಬುದನ್ನು ಅಣ್ಣ ಕಂಡುಹಿಡಿದಿದ್ದ. ಫಿಲೊಮಿನಾ ಆಂಟಿಯಿಂದ ಬಜ್ಪೆಗೆ, ಬಜ್ಪೆಯಿಂದ ಕಿನ್ನಿಗೋಳಿಗೆ ಸಿಸ್ಟರ್ ನಂಬರ್ ಪ್ರಯಾಣ ಮಾಡಿತ್ತು. ಟ್ಯಾಬಿನಲ್ಲಿ ನಮ್ಮ ಮನೆಯ ಹಾಲ್. ಸೋಫಾದಲ್ಲಿ ಅಣ್ಣ, ಅತ್ತಿಗೆ, ನಡುವೆ ಇಸ್ತ್ರಿ ಹಾಕಿದ ಬಿಳಿ ಶರ್ಟಿನ ಮಸ್ಕತ್ತಿನವರು, ಅವರ ಪಕ್ಕದಲ್ಲಿ ಅವರ ಅಕ್ಕ. ಮುಂದೆ ಚಕ್ಕುಲಿ ತಟ್ಟೆ. ನನ್ನ ತಲೆಗೂದಲಿನಿಂದ ಕಾಲಿನವರೆಗೆ ಕೆಂಪು ಧೂಳು.

“ಮುಖ ಸ್ವಲ್ಪ ಬೆಳಕಿಗೆ ತಿರುಗಿಸು ಲಿಲ್ಲಿ,” ಎಂದ ಅಣ್ಣ, “ಅವರಿಗೆ ಸರಿ ಕಾಣುದಿಲ್ಲ.”

“ಕಲರ್ ಎಂತ ಹೀಗೆ?” ಎಂದರು ಆ ಅಕ್ಕ, ಮೆಲ್ಲನೆ ಹೇಳಿದೆನೆಂದುಕೊಂಡು.

ಕಡಲು ದಾಟಿ ಕಾಡಿನ ಬೇಲಿಯವರೆಗೆ ಬಂದರೂ ಆ ಹಾಲ್ ನನ್ನನ್ನು ಬಿಟ್ಟಿರಲಿಲ್ಲ. ಸಿಟ್ಟಿಗೆ ಕಿವಿ ಬಿಸಿಯಾಯಿತು. ಟ್ಯಾಬನ್ನು ಸಿಸ್ಟರ್ ಕೈಯಿಂದ ತೆಗೆದುಕೊಂಡು, ಮುಖಕ್ಕೆ ಹತ್ತಿರ ಹಿಡಿದು, ಬಿಳಿ ಶರ್ಟಿನವರಿಗೆ ಹೇಳಿದೆ. “ನಮಸ್ಕಾರ. ನೀವೂ ಸರಿ ಕಾಣುದಿಲ್ಲ. ಒಮ್ಮೆ ಎದ್ದು ನಿಲ್ತೀರಾ?”

ಪಾಪದ ಮನುಷ್ಯ ಎಂದು ಅಣ್ಣ ಹೇಳಿದ್ದು ಸುಳ್ಳಲ್ಲ. ಅವರು ಎದ್ದು ನಿಂತರು.

“ಆ ಬಾಗಿಲವರೆಗೆ ನಡೆದು ಬನ್ನಿ.”

ನಡೆದು ಬಂದರು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಅಡುಗೆ ಬರ್ತದಾ? ಬೇಕರಿಯದ್ದಲ್ಲ, ಮನೆಯದ್ದು.”

“ಸ್ವಲ್ಪ... ಸ್ವಲ್ಪ ಬರ್ತದೆ,” ಎಂದು ನಕ್ಕರು ಅವರು. ನಗು ಒಳ್ಳೆಯದಿತ್ತು. ಅವರ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ.

“ಲಿಲ್ಲೀ!” ಅಣ್ಣನ ಮುಖ ಇಡೀ ಟ್ಯಾಬನ್ನು ತುಂಬಿತು. ಅವನ ಹಿಂದಿನಿಂದ ಆ ಅಕ್ಕನ ಧ್ವನಿ, “ಇದೆಂತ ಹೆಂಗಸು ಮಾರಾಯ್ರೆ! ಆಗ್ತದಾ ಇಲ್ವಾ, ಒಂದು ಉತ್ತರ ಹೇಳ್ಲಿಕ್ಕೆ ಹೇಳಿ ಅವಳಿಗೆ.”

ಸಿಸ್ಟರ್ ಅಪೊಲಿನ್ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಭುಜ ಕುಣಿಸುತ್ತಿದ್ದರು. ಪ್ರಾರ್ಥಿಸುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯುವಂತಿರಲಿಲ್ಲ.

ಚಹಾ ಕುಡಿದು ಎದ್ದು ಹೋಗುವಾಗ ಗಂಡಿನ ಕಡೆಯವರೆಲ್ಲರೂ ಬಾಗಿಲಲ್ಲಿ ನಿಂತು ಹೇಳುವ ಮಾತೊಂದಿದೆ. ನಮ್ಮ ಮನೆಯ ಹೊಸ್ತಿಲಿಗೂ ಅದು ಬಾಯಿಪಾಠವಾಗಿತ್ತು. ಅದೇ ಮಾತನ್ನು ಅದೇ ರಾಗದಲ್ಲಿ ಹೇಳಿದೆ.

“ಮನೆಗೆ ಹೋಗಿ ತಿಳಿಸ್ತೇನೆ.”

ಇನ್ನೂ ತಿಳಿಸಿಲ್ಲ.